ಮಸಿ ಗಾಜಿನಲ್ಲಿ ಕಂಡ ಸೂರ್ಯ

ಸೀಮೆಎಣ್ಣೆ ಬುಡ್ಡಿಯ ಮಸಿ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ಈಗಲೂ ಮಾಯಸಂದ್ರದ ಹತ್ತಿರದ ನಮ್ಮ ಹೆಂಚಿನ ಮನೆ, ಅದರ ಕೊಬ್ಬರಿ ಅಟ್ಟ, ಅಟ್ಟದ ಕತ್ತಲಲ್ಲಿ ಕುಳಿತ ಚಿಕ್ಕಪ್ಪ, ಎಲ್ಲ ಬಂದು ಎದುರು ನಿಲ್ಲುತ್ತಾರೆ. ತಿಂಗಳುಗಟ್ಟಲೆ ಒಣಗುತ್ತಾ ಬಿದ್ದಿರುತ್ತಿದ್ದ ಕಾಯಿಗಳ ಆಚೆ, ಪಡುವಣ ಗೋಡೆಯಲ್ಲಿ ಒಂದು ಸಣ್ಣ ತೂತಿತ್ತು. ಅದರಿಂದ ನುಸುಳಿದ ಬೆಳಕಿನಲ್ಲಿ, ಎದುರಿನ ಸುಣ್ಣದ ಗೋಡೆಯ ಮೇಲೆ ನಮ್ಮ ತೋಟದ ಮರಗಳು ಬುಡ ಮೇಲಾಗಿ, ಗರಿ ಕೆಳಗಾಗಿ ನೇತಾಡುತ್ತಿದ್ದವು. ಮೊದಲ ಸಲ ಕಂಡು ನಾನು ಕಿರುಚಿದಾಗ ಚಿಕ್ಕಪ್ಪ ನಕ್ಕುಬಿಟ್ಟಿದ್ದ. "ದೆವ್ವ ಅಲ್ಲ ಕಣೇ. ಬೆಳಕು ನೆಟ್ಟಗೆ ಹೋಯ್ತದೆ, ನಿನ್ನಂಗೆ ಸುತ್ತಿ ಬಳಸಿ ಹೋಗಾಕಿಲ್ಲ. ಮೇಲಿಂದು ತೂತಲ್ಲಿ ತೂರಿ ಕೆಳಕ್ಕೆ, ಕೆಳಗಿಂದು ಮೇಲಕ್ಕೆ." ಆ ಬೇಸಿಗೆ ಕಳೆದರೆ ಅವನು ಮೇಷ್ಟ್ರ ಟ್ರೈನಿಂಗಿಗೆ ಸೇರುವವನಿದ್ದ. ಊರಿನ ಮಕ್ಕಳಿಗೆ ವಿಜ್ಞಾನ ಹೇಳಿಕೊಡಬೇಕು ಎನ್ನುವುದೊಂದೇ ಅವನ ಆಸೆ.

ಸೂರ್ಯಗ್ರಹಣದ ದಿನ ಮಧ್ಯಾಹ್ನವೇ ಅಜ್ಜಿ ಕದ ಹಾಕಿ, ನಡುಮನೆಯಲ್ಲಿ ತಟ್ಟೆಗೆ ನೀರು ಹಾಕಿ ಒನಕೆ ನಿಲ್ಲಿಸಿ, ಗ್ರಹಣ ಬಿಟ್ಟಾಗ ಅದು ಬೀಳುತ್ತದೆಂದು ಕಾಯುತ್ತಾ ಕುಳಿತಳು. ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾವಿಬ್ಬರು ಅಟ್ಟ ಸೇರಿದೆವು. ಕಾಯಿಗಳ ಮೇಲೆ ಬಿದ್ದಿದ್ದ ದುಂಡನೆಯ ಬಿಸಿಲು ಯಾರೋ ಕಚ್ಚಿ ತಿಂದಂತೆ ಸವೆಯುತ್ತಾ ಕುಡುಗೋಲಿನಂತಾಯಿತು. "ಸೂರ್ಯನ್ನ ಹಿಂಗೇ ನೋಡ್ಬೇಕು, ಬೆನ್ನು ತಿರುಗ್ಸಿ" ಎಂದ. ನನಗೆ ಹನ್ನೊಂದು ವರ್ಷ, ತಲೆಹರಟೆ. ಒಡೆದ ಫೋಟೋದ ಗಾಜಿಗೆ ಬುಡ್ಡಿಯ ಹೊಗೆ ಹಿಡಿದು ಮಸಿ ಬರಿಸಿ ಆಗಲೇ ಲಂಗದಲ್ಲಿ ಬಚ್ಚಿಟ್ಟಿದ್ದೆ. "ಬೆನ್ನು ತೋರ್ಸೋ ಮೇಷ್ಟ್ರನ್ನ ನಾನು ಕಂಡೇ ಇಲ್ಲ. ಅಜ್ಜಿಗೆ ಹೆದ್ರುಕೊಂಡ್ಯಾ ಚಿಕ್ಕಪ್ಪಾ?" ಎಂದು ಗಾಜು ಹೊರಗೆ ತೆಗೆದೆ.

ಆ ಮಾತು ನಾಟಿ ಅವನು ನನ್ನ ಹಿಂದೆಯೇ ಹಿತ್ತಲಿಗೆ ಇಳಿದಾಗ ಬಿಸಿಲಿಗೆ ತಾಮ್ರದ ಬಣ್ಣ ಬಂದಿತ್ತು. ಕಾಗೆಗಳು ಸದ್ದಿಲ್ಲದೆ ಗೂಡಿಗೆ ಹೋಗುತ್ತಿದ್ದವು. ಗರಿಗಳ ಸಂದಿಯಿಂದ ಬಿದ್ದ ಸಾವಿರ ಕುಡುಗೋಲು ನೆಲದ ತುಂಬ ಅಲುಗುತ್ತಿದ್ದವು. ಗಾಜು ಕೊಡುವಾಗ ನನಗೆ ಕಂಡಿತು. ಬೆಳಗಿನಿಂದ ಕೊಬ್ಬರಿ ಆರಿಸಿ ಎಣ್ಣೆಯಾಗಿದ್ದ ನನ್ನ ಹೆಬ್ಬೆರಳು ತಾಗಿ, ಅಷ್ಟಗಲ ಮಸಿ ಹೋಗಿತ್ತು. ಇದೇ ಹೆಬ್ಬೆರಳು, ಈಗ ಇದನ್ನು ಬರೆಯಲು ಫೋನಿನಲ್ಲಿ ಒಂದೊಂದೇ ಅಕ್ಷರ ಹುಡುಕುತ್ತಿರುವುದು. ಮತ್ತೆ ಮಸಿ ಹಿಡಿಸುತ್ತಾ ಕೂತರೆ ಗ್ರಹಣ ಬಿಟ್ಟುಹೋಗುತ್ತದಲ್ಲ ಎಂದು ಬಾಯಿ ಮುಚ್ಚಿಕೊಂಡೆ. ಅವನು ಗಾಜನ್ನು ಆಚೀಚೆ ಸರಿಸಿ ಆ ಜಾಗಕ್ಕೇ ಕಣ್ಣಿಟ್ಟ. "ಆಹಾ, ಇಲ್ಲಿ ಎಷ್ಟು ಚೆನ್ನಾಗ್ ಕಾಣ್ತದೆ!" ಎಂದು ಒಂದು ಕಣ್ಣಾದ ಮೇಲೆ ಇನ್ನೊಂದರಲ್ಲಿ ನೋಡುತ್ತಲೇ ಇದ್ದ. ನನಗೆ ಕೊಡು ಎಂದು ನಾನು ಕೇಳಲಿಲ್ಲ.

ಅವನಿಗೆ ನೋವೇನೂ ಆಗಲಿಲ್ಲ. ರಾತ್ರಿ ಸರಿಯಾಗಿಯೇ ಉಂಡು ಮಲಗಿದ. ಬೆಳಿಗ್ಗೆ ಪುಸ್ತಕ ತೆಗೆದವನು ಅದನ್ನು ಮುಖದ ಹತ್ತಿರ ತಂದ, ದೂರ ಹಿಡಿದ, ಓರೆ ಮಾಡಿದ. "ಎಲ್ಲಿ ನೋಡಿದ್ರೆ ಅಲ್ಲೇ ಅಕ್ಷರ ಇಲ್ಲ ಕಣೇ" ಎಂದ, ತೀರಾ ಮೆಲ್ಲಗೆ. ತಿಪಟೂರಿನ ಡಾಕ್ಟರು ಕಣ್ಣಿನ ನಡುಭಾಗ ಸುಟ್ಟಿದೆ, ಅದಕ್ಕೆ ಔಷಧಿಯಿಲ್ಲ ಎಂದರು. "ಯಾರ್ಲಾ ನಿಂಗೆ ನೋಡು ಅಂದೋರು?" ಎಂದು ಅಜ್ಜಿ ಎದೆ ಬಡಿದುಕೊಂಡಳು. ನಾನು ಕಂಬದ ಹಿಂದೆ ಸರಿದುಕೊಂಡೆ. "ಯಾರೂ ಇಲ್ಲ ಬುಡವ್ವ. ನಾನೇ ಬರಿಗಣ್ಣಲ್ಲಿ ನೋಡ್ದೆ" ಎಂದುಬಿಟ್ಟ.

ಟ್ರೈನಿಂಗಿನ ಕಾಗದ ಬಂದಾಗ ಅದನ್ನು ಓದಿ ಹೇಳಿದವಳೂ ನಾನೇ. ಆಮೇಲೆ ಅವನು ಅಟ್ಟದಲ್ಲೇ ಉಳಿದ. ಕಾಯಿ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ಕೊಬ್ಬರಿ ಆರಿಸುತ್ತಿದ್ದ. ಯಾರಾದರೂ ಎದುರು ಬಂದರೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಅಂಚುಗಣ್ಣಲ್ಲಿ ನೋಡುತ್ತಿದ್ದ. ಜನ ಅದನ್ನು ಜಂಬ ಎಂದುಕೊಂಡರು. ನಿಜ ಹೇಳಬೇಕೆಂದು ಎಷ್ಟೋ ಸಲ ಹೋಗಿ, ಕೊಬ್ಬರಿ ತಿಂದು ವಾಪಸ್ಸು ಬಂದೆ. ಮದುವೆಯಾಗಿ ಹೊರಟ ದಿನ ಕಾಲಿಗೆ ಬಿದ್ದಾಗ ಬಾಯಿ ತೆರೆದಿದ್ದೆ. ಅವನು ತಲೆ ಸವರಿದ. "ಅಳಬ್ಯಾಡ ಕಣೇ. ನಂಗೆ ನೀನು ಈಗ್ಲೂ ಹನ್ನೊಂದೊರ್ಸದ ಹುಡ್ಗೀನೇ. ಅದಾದ್ಮೇಲೆ ನಿನ್ನ ಮೊಖ ನಾನು ನೋಡಿಲ್ವಲ್ಲ."

ಆ ಮನೆ ಹೋಯಿತು, ಅಟ್ಟವೂ ಹೋಯಿತು. ಅವನು ಹೋದ ಮೇಲೆ, ನನ್ನ ಆ ಮುಖ ಹೇಗಿತ್ತೆಂದು ಬಲ್ಲವರು ಯಾರೂ ಉಳಿದಿಲ್ಲ.