ಅಮಾವಾಸ್ಯೆಯ ಲಾರಿ, ಗಾಲಿ ಹೋಗದ ದಾರಿ

ಹೋದ ವಾರ ಅಕ್ಕಿ ಬಂದದ್ದು ಗೋಣಿಚೀಲದಲ್ಲಿ. ಈಗೆಲ್ಲ ಪ್ಲಾಸ್ಟಿಕ್ ಚೀಲವೇ ಬರುವುದು. ಅಂಗಡಿಯವರು ಎಲ್ಲಿಂದ ತಂದರೋ ಏನೋ. ಬಾಯಿ ಬಿಚ್ಚಿದೆ. ಸೆಣಬು, ತೌಡು, ಸ್ವಲ್ಪ ಡೀಸೆಲ್ಲು ಬೆರೆತ ವಾಸನೆ ಬಂತು. ಹಾಗೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ಲಾರಿ ಚಾಚಾ ನೆನಪಾದರು...

ಎಪ್ಪತ್ತರ ದಶಕದಲ್ಲಿ ನಾವು ಬ್ರೂಸ್‌ಪೇಟೆಯ ಓಣಿಯೊಂದರಲ್ಲಿದ್ದೆವು. ಪಕ್ಕದ ಮನೆ ಚಾಚಾ ಅವರದು. ಸಿರುಗುಪ್ಪದ ಮಿಲ್ಲಿನಿಂದ ಅಕ್ಕಿ ತುಂಬಿ ತಂದು ನಮ್ಮ ಪೇಟೆಗೆ ಇಳಿಸುವುದು ಅವರ ಕೆಲಸ. ಹಮಾಲರು ಕಡಿಮೆ ಬಿದ್ದ ದಿನ ತಾವೇ ಮೂಟೆ ಹೊರುತ್ತಿದ್ದರು. ಅಮಾವಾಸ್ಯೆ ದಿನ ಮಿಲ್ಲಿಗೆ ರಜೆ. ಅವತ್ತು ಬೆಳಿಗ್ಗೆ ಲಾರಿ ತೊಳೆದು, ಗಾಲಿಗೆ ನಿಂಬೆಹಣ್ಣು ಇಟ್ಟು, ಎರಡೂ ಮನೆಯವರನ್ನು ಹತ್ತಿಸಿಕೊಂಡು ಕುರುಗೋಡಿನ ಗುಡ್ಡಕ್ಕೆ ಹೊರಟುಬಿಡುತ್ತಿದ್ದರು.

ಆ ಲಾರಿಯೇ ನಮಗೆ ಎರಡು ದಿನದ ಮನೆ. ಮೇಲೆ ತಾಡಪಾಲು, ಕೆಳಗೆ ಖಾಲಿ ಚೀಲಗಳ ಮೆತ್ತನೆ ಹಾಸಿಗೆ, ಮೂಲೆಯಲ್ಲಿ ಸೀಮೆಎಣ್ಣೆ ಸ್ಟೋವು, ಹಗ್ಗ ಬಿಗಿದ ನೀರಿನ ಕೊಡ. ನಾನು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡರೆ ಚಾಚಿ ಒಂದು ಡಬ್ಬಿ ಉಪ್ಪಿನಕಾಯಿ ತರುತ್ತಿದ್ದರು. ಇನ್ನು ಕ್ಯಾಬಿನ್ನಿನ ನೆತ್ತಿಯ ಮೇಲೆ ಚಾಚಾರ ಸೈಕಲ್ಲು. ಅದರ ಮಡ್‌ಗಾರ್ಡ್ ಕಿತ್ತು, ಕಲ್ಲಿನ ಮೇಲೆ ಜಾರದಿರಲೆಂದು ಟಯರಿಗೆ ಲಾರಿ ಟ್ಯೂಬಿನ ಪಟ್ಟಿ ಸುತ್ತಿದ್ದರು. ಗುಡ್ಡದ ಅರ್ಧಕ್ಕಿರುವ ಈಶ್ವರನ ಗುಡಿಯವರೆಗೆ ಅದನ್ನು ಹೆಗಲ ಮೇಲೆ ಹೊತ್ತೊಯ್ದು, ಅಲ್ಲಿಂದ ಕಾಲುದಾರಿಯಲ್ಲಿ ಸವಾರಿ ಮಾಡುತ್ತ ಇಳಿಯುವುದು ಅವರ ಹುಚ್ಚು. ಬರ್ರೆಂದು ಕಲ್ಲು ಸಿಡಿಸುತ್ತ ಬರುವಾಗ ನಮಗೆ ಜೀವ ಬಾಯಿಗೆ ಬರುತ್ತಿತ್ತು.

"ನಡಕೊಂಡ್ ಇಳದ್ರ ಗುಡ್ಡ ಏನ್ ಓಡಿ ಹೋಕ್ಕತೇನ್ಲೇ?" ಎಂದು ನಮ್ಮ ಅತ್ತೆ ಪ್ರತಿ ಸಲ ಬೈಯುವರು. ಚಾಚಾ ಪ್ರತಿ ಸಲ ನಗುವರು.

ಆ ಗುಡಿಗೆ ಅತ್ತೆಯದೊಂದು ಹರಕೆ ಇತ್ತು. ನನ್ನ ದೊಡ್ಡ ಮಗ ವಿಷಮಜ್ವರದಿಂದ ಮಲಗಿದಾಗ, ಹುಡುಗ ಎದ್ದರೆ ಗುಡ್ಡದ ಈಶ್ವರನಿಗೆ ತಮ್ಮ ಕೈಯಾರೆ ತುಪ್ಪದ ದೀಪ ಹಚ್ಚುತ್ತೇನೆ ಎಂದಿದ್ದರು. ದೇವರು ಕೊಟ್ಟ, ಹುಡುಗ ಎದ್ದ. ಆದರೆ ಅಷ್ಟರಲ್ಲಿ ಅತ್ತೆಯ ಮೊಣಕಾಲು ಹೋದವು. ಮೂರು ಅಮಾವಾಸ್ಯೆ ಲಾರಿಯಲ್ಲೇ ಕೂತು ಕೈಮುಗಿದು ಬಂದರು. ನಾನು ಹೋಗಿ ಹಚ್ಚಿ ಬರಲೇ ಅಂದರೆ, "ನೀ ಹಚ್ಚಿದ್ರ ಅದು ನಿನ್ ದೀಪ. ನಾ ಬಾಕಿ ಇಟ್ಕೊಂಡು ಸಾಯಬೇಕೇನು?" ಅನ್ನುವರು. ಆ ಚಿಂತೆಯಲ್ಲಿ ಊಟವೂ ಸೇರುತ್ತಿರಲಿಲ್ಲ.

ನಾಲ್ಕನೆಯ ಅಮಾವಾಸ್ಯೆಗೆ ಚಾಚಾ ಒಂದು ಉಪಾಯ ಮಾಡಿದರು. ಸೈಕಲ್ಲಿನ ಕ್ಯಾರಿಯರಿಗೆ ಚೀಲ ಮಡಿಚಿ ಕಟ್ಟಿ, ಅತ್ತೆಯನ್ನು ಕೂರಿಸಿ, ಗುಡಿವರೆಗೆ ತಳ್ಳಿಕೊಂಡು ಹೋಗುವುದು. ಅತ್ತೆ ಇಳಕಲ್ ಸೀರೆ ಉಟ್ಟು, ತುಪ್ಪದ ಬಟ್ಟಲು ಹಿಡಿದು ತಯಾರಾದರು. ಹೋಗಿ ನೋಡಿದರೆ ದಾರಿಯ ಬಾಯಿಗೆ ಮುಳ್ಳಿನ ಬೇಲಿ, ಹೊಸ ಬೋರ್ಡು, ಪಕ್ಕದಲ್ಲಿ ಹೊಸ ಫಾರೆಸ್ಟ್ ಗಾರ್ಡು.

"ಕಾಲಾಗ ಸಾವಿರ ಸಲ ಹೋಗ್ರಿ. ಗಾಲಿ ಮಾತ್ರ ಬಿಡಾಂಗಿಲ್ಲ."

"ಮುದುಕಿ ಕುಂತ ಸೈಕಲ್ ನಿಮ್ ಕಾಡು ತಿಂತೈತೇನ್ರೀ ಸಾಹೇಬ್ರ?" ಚಾಚಾ ರೇಗಿದರು.

ಗಾರ್ಡ್ ಜಗಳಕ್ಕೆ ನಿಲ್ಲಲಿಲ್ಲ. ಬೇಲಿ ಸರಿಸಿ ಹತ್ತು ಹೆಜ್ಜೆ ಒಳಗೆ ಕರೆದೊಯ್ದು ತೋರಿಸಿದರು. ದಾರಿಯ ನಡುವೆ ಮೊಣಕೈ ಆಳದ ಕೊರಕಲು. ಗಾಲಿ ಕೊರೆದ ಗೆರೆಯಲ್ಲಿ ಮಳೆನೀರು ಹರಿದು, ಮಣ್ಣೆಲ್ಲ ಕೆಳಗೆ ಕುರಿಗಳು ನೀರು ಕುಡಿಯುವ ಕುಂಟೆಗೆ ಇಳಿದಿತ್ತು. ಅಂಚಿನಲ್ಲಿ ಪಟ್ಟಿ ಸುತ್ತಿದ ಟಯರಿನ ಗುರುತು ಇನ್ನೂ ಅಳಿಸಿರಲಿಲ್ಲ. ಚಾಚಾ ಆ ಗುರುತು ನೋಡಿದರು, ತಮ್ಮ ಸೈಕಲ್ಲು ನೋಡಿದರು. ಸೈಕಲ್ಲನ್ನು ಲಾರಿಗೆ ಒರಗಿಸಿ ಬಂದರು.

ಗಾರ್ಡ್ ಒಳ್ಳೆಯವರೇ. ಕುರಿಗಾರರನ್ನು ಕರೆದು ಕಂಬಳಿಯಲ್ಲಿ ನಾಲ್ವರು ಹೊರೋಣವೆಂದರು. ಅತ್ತೆ ಕೆರಳಿದರು.

"ನಾಕ್ ಮಂದಿ ಹೊರೋದು ಒಂದ ಸಲ! ಆ ದಿನ ನಾ ಬ್ಯಾಡಂದ್ರೂ ಹೊರ್ತೀರಿ. ಇವತ್ತ ಮುಟ್ಟಬ್ಯಾಡ್ರಿ."

ಆಗ ಚಾಚಾ ಲಾರಿಯಿಂದ ಒಂದು ಗೋಣಿಚೀಲ ಎಳೆದು, ಹಮಾಲರ ಹಾಗೆ ಅದರ ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ, ತಲೆ, ಬೆನ್ನು ಮುಚ್ಚುವ ಕುಂಚಿಗೆ ಮಾಡಿ ಹಾಕಿಕೊಂಡು ಅತ್ತೆಯ ಮುಂದೆ ಬೆನ್ನು ಬಾಗಿಸಿದರು.

"ಒಬ್ಬಾವ ಹೊತ್ರ ಅದು ಅಕ್ಕಿ ಮೂಟಿ ಅವ್ವಾ. ದಿನಾ ಹೊರ್ತೀನಿ. ಬರ್ರಿ."

ಅತ್ತೆಯ ತುಟಿ ಅಲುಗಿತು. "ಹಳೇ ಅಕ್ಕಿ ಅನ್ಲೇ, ನುಚ್ಚು ಅಂದಿ ಅಂದ್ರ ನೋಡು!"

ನಗುತ್ತಲೇ ಬೆನ್ನೇರಿದರು. ಬಟ್ಟಲು ಹಿಡಿದು ಗಾರ್ಡ್ ಮುಂದೆ, ಹುಡುಗನ ಕೈ ಹಿಡಿದು ನಾನು ಹಿಂದೆ. ಎರಡು ಕಡೆ ಚಾಚಾ ದಮ್ಮು ತಗೊಂಡರು, ಅಷ್ಟೇ. ಗುಡಿಯಲ್ಲಿ ಗಾಳಿಗೆ ಎರಡು ಕಡ್ಡಿ ಆರಿದವು, ಮೂರನೆಯದಕ್ಕೆ ದೀಪ ಹತ್ತಿತು. ಅತ್ತೆ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ. ಇಳಿಯುವಾಗ ಮಾತ್ರ ಬಾಯಿ ಮತ್ತೆ ಜೋರಾಗಿತ್ತು: "ಸಾವಕಾಶ ಲೇ, ಇದು ಸೈಕಲ್ ಅಲ್ಲ!"

ಆಮೇಲೆ ಚಾಚಾ ಆ ದಾರಿಗೆ ಸೈಕಲ್ಲು ಇಳಿಸಲಿಲ್ಲ. ಗುಡ್ಡದ ಆಚೆ ಬಂಡಿದಾರಿ ಇತ್ತು, ಅಲ್ಲಿ ತಮ್ಮ ಹುಚ್ಚು ತೀರಿಸಿಕೊಂಡರು. ಆದರೆ ಪ್ರತಿ ಅಮಾವಾಸ್ಯೆ ಮೊದಲ ಒಂದು ತಾಸು ಆ ಕೊರಕಲಿಗೇ ಮೀಸಲು. ಗಾರ್ಡ್ ಜೊತೆ ಸೇರಿ, ನೀರು ಅಡ್ಡ ತಿರುಗಲೆಂದು ಒಂದೊಂದೇ ಕಲ್ಲು ಹೂಳುತ್ತ ಹೋದರು.

ಮರುವರ್ಷ ಅತ್ತೆ ಹೋದರು, ಬಾಕಿ ಇಲ್ಲದೆ, ನಿದ್ದೆಯಲ್ಲಿ. ಅದೂ ದೇವರ ದಯೆಯೇ. ಹೊತ್ತವರಲ್ಲಿ ಚಾಚಾ ಒಬ್ಬರು.

ಆಮೇಲೆ ನಾವು ಕಂಟೋನ್ಮೆಂಟ್ ಕಡೆ ಮನೆ ಮಾಡಿದೆವು. ಓಣಿ ತಪ್ಪಿತು, ಹೋಗಿಬರುವುದು ಕಡಿಮೆಯಾಯಿತು... ಚಾಚಾ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ನಲವತ್ತು ದಿನ ಕಳೆದ ಮೇಲೆ. ಕೊನೆಗೊಮ್ಮೆ ಮುಖ ನೋಡಲಿಲ್ಲ ಎಂಬ ನೋವು ಇದ್ದೇ ಇದೆ.

ಈಗ ನನ್ನ ಮೊಣಕಾಲೂ ಅತ್ತೆಯದರಂತೆಯೇ. ಆದರೂ ವರ್ಷಕ್ಕೊಮ್ಮೆ ಆ ಗುಡಿಗೆ ನಡೆದೇ ಹೋಗುತ್ತೇನೆ. ನೀರಿಗೆಂದು ಹೂತ ಕಲ್ಲುಗಳು ಮೆಟ್ಟಿಲಾಗಿವೆ. ಒಂದರ ಮೇಲೆ ಕಾಲಿಟ್ಟು, ಒಂದರ ಮೇಲೆ ಕೂತು, ಸಾವಕಾಶ ಹತ್ತುತ್ತೇನೆ.

ಅವತ್ತು ಅಕ್ಕಿ ಸುರುವಿಕೊಂಡ ಮೇಲೆ ಚೀಲ ಬಿಸಾಡಲು ಮನಸ್ಸಾಗಲಿಲ್ಲ. ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಕುಂಚಿಗೆ ಮಾಡಲು ನೋಡಿದೆ. ಎರಡು ಸಲ ನೋಡಿದೆ... ನನಗೆ ಬರಲಿಲ್ಲ. ಮಡಿಚಿ, ದೇವರ ಮನೆಯಲ್ಲಿ ಕೂರುವ ಮಣೆಯ ಮೇಲೆ ಹಾಕಿಕೊಂಡಿದ್ದೇನೆ.