ದಾರಿ ಬಿಡಮ್ಮಾ, ಶಿಫ್ಟ್ ಬಿಟ್ಟಿದೆ

ಹೋದ ವರ್ಷ ಸಂಕ್ರಾಂತಿಗೆ ಇನ್ನು ನಾಲ್ಕು ದಿನ ಇದ್ದಾಗ ನಡೆದದ್ದು. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಬಟ್ಟೆ ಹೊಲಿಯುವವಳು. ಮನೆ ಇರುವುದು ಚಾಂಪಿಯನ್ ರೀಫ್ಸ್‌ನಲ್ಲಿ. ನನಗೆ ಸಕ್ಕರೆ ಕಾಯಿಲೆ ಬಂದಾಗ ನಮ್ಮ ಡಾಕ್ಟರು, "ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಮಿಕ್ಕಿದ್ದು ನಿನ್ನ ಕಾಲು ಮಾಡ್ಬೇಕು" ಎಂದು ಬೆಳಗಿನ ನಡಿಗೆ ಹಿಡಿಸಿದ್ದರು. ಅರವತ್ತು ದಾಟಿದ ಅವರೂ ದಿನಾ ನಡೆಯುತ್ತಿದ್ದರು. ಮುದ್ದೆ, ಸೊಪ್ಪಿನ ಸಾರು, ಒಂಬತ್ತಕ್ಕೆಲ್ಲ ನಿದ್ದೆ. ಅವರಿಗೆ ಒಂದು ಕೆಮ್ಮು ಬಂದದ್ದನ್ನೂ ನಾವು ನೋಡಿರಲಿಲ್ಲ.

ಅಂದು ಬೆಳಕು ಹರಿದಿದ್ದರೂ ಮಂಜಿನಲ್ಲಿ, ಚಿನ್ನ ತೆಗೆದು ಮಿಕ್ಕ ಮಣ್ಣು ಸುರಿದ ಸೈನೈಡ್ ದಿಬ್ಬವೇ ಕಾಣುತ್ತಿರಲಿಲ್ಲ. ಹಳೆಯ ಗಣಿ ಬಾವಿಯ ಹತ್ತಿರ ಯಾರೋ ಮಾತಾಡುವುದು ಕೇಳಿಸಿತು. ಒಬ್ಬರದೇ ದನಿ. ಏನೋ ಕೇಳುವುದು, ಸುಮ್ಮನಾಗುವುದು, ಆಮೇಲೆ "ಹೂಂ, ಹೂಂ" ಎನ್ನುವುದು.

ಬೀಗ ಹಾಕಿದ ಗೇಟಿನ ಪಕ್ಕ ತಂತಿಬೇಲಿ ಹಿಡಿದು ಡಾಕ್ಟರು ಕುಕ್ಕರಗಾಲಲ್ಲಿ ಕೂತಿದ್ದರು.

"ಡಾಕ್ಟ್ರೇ, ಇಂಗ್ಯಾಕ್ ಕುಂತಿದ್ದೀರಾ?" ಎಂದೆ.

ತಿರುಗಿ ನೋಡಿದರು. ನನ್ನ ಗುರುತೇ ಹತ್ತಲಿಲ್ಲ. "ಗೇಟಿನ ಮುಂದೆ ನಿಲ್ಬೇಡ. ದಾರಿ ಬಿಡಮ್ಮಾ, ಶಿಫ್ಟ್ ಬಿಟ್ಟಿದೆ. ಎಲ್ಲಾರೂ ಮೇಲೆ ಬರ್ತಾವ್ರೆ" ಎಂದರು. ಆಮೇಲೆ ಬಾವಿಯ ಕಡೆ ಬಗ್ಗಿ ತಮಿಳಿನಲ್ಲಿ, "ಅಪ್ಪಾ, ಮೇಲೆ ವಾ" ಎಂದು ಚಿಕ್ಕ ಮಗುವಿನಂತೆ ಕರೆದರು.

ಆ ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಗಿದೆ. ಆದರೂ ನಾನು ಪಕ್ಕಕ್ಕೆ ಸರಿದೆ.

ಓಡಿಹೋಗೋಣ ಅನ್ನಿಸಿತು. ಅಷ್ಟರಲ್ಲಿ ಅವರ ಅಂಗಿ ಕಂಡಿತು. ಆ ಚಳಿಯಲ್ಲೂ ಬೆವರಿ ತೊಯ್ದುಹೋಗಿತ್ತು. ಕೈ ಗಡಗಡ ನಡುಗುತ್ತಿತ್ತು. ಸಕ್ಕರೆ ಇಳಿದರೆ ಹೀಗೇ ಆಗುತ್ತದೆ, ಮಾತೂ ಅಡ್ಡಾದಿಡ್ಡಿಯಾಗುತ್ತದೆ ಎಂದು ಅವರೇ ನನಗೆ ಹೇಳಿಕೊಟ್ಟಿದ್ದರು. ಅದಕ್ಕೆಂದೇ ಪರ್ಸಿನಲ್ಲಿಟ್ಟುಕೊಂಡಿದ್ದ ಸಕ್ಕರೆ ಪೊಟ್ಟಣ ಬಿಚ್ಚಿ, "ಬಾಯ್ ತಗೀರಿ ಸಾ, ನುಂಗಿ" ಎಂದು ಗದರಿಸಿ ಸ್ವಲ್ಪ ಸ್ವಲ್ಪವೇ ತಿನ್ನಿಸಿದೆ. ಹತ್ತು ನಿಮಿಷ ಕಳೆದಿರಬೇಕು.

"ಸರೋಜಾ? ನೀನಾ?" ಎಂದರು.

ನನಗೆ ಅಳುವೇ ಬಂತು.

ಹನ್ನೊಂದು ವರ್ಷದಿಂದ ಅವರಿಗೂ ಸಕ್ಕರೆ ಕಾಯಿಲೆಯಂತೆ. ಗೊತ್ತಾದರೆ ತಮ್ಮ ಮಾತು ಯಾರೂ ಕೇಳುವುದಿಲ್ಲವೆಂದು ಮುಚ್ಚಿಟ್ಟಿದ್ದರಂತೆ. ಅಂದು ಇನ್ಸುಲಿನ್ ಚುಚ್ಚಿಕೊಂಡು, ಏನೂ ತಿನ್ನದೆ ಹೊರಟುಬಿಟ್ಟಿದ್ದರು. "ನಾನು ಏನಂದೆ?" ಎಂದು ಕೇಳಿದರು. ಹೇಳಿದೆ. ಗೇಟಿನ ಬೀಗ ಮುಟ್ಟಿ, "ನಂಗಾಗ ಎಂಟು ವರ್ಷ. ಇಲ್ಲೇ ನಿಂತು ಕಾದೆ. ಎಲ್ಲಾರೂ ಬಂದ್ರು, ಅಪ್ಪ ಬರ್ಲಿಲ್ಲ" ಎಂದರು.

ಆ ವಾರವೇ ಕ್ಲಿನಿಕ್‌ನಲ್ಲಿ ಬಂದವರಿಗೆಲ್ಲ ತಮ್ಮ ಕಾಯಿಲೆಯ ವಿಷಯ ಹೇಳಿಬಿಟ್ಟರು. ಜನ ಅವರ ಮಾತು ಕೇಳುವುದನ್ನು ಬಿಡಲಿಲ್ಲ. ಈಗ ಡಾಕ್ಟರೂ ಸೇರಿ ನಾವು ಐದಾರು ಜನ ಏನಾದರೂ ತಿಂದ ಮೇಲೇ ಒಟ್ಟಿಗೆ ನಡೆಯಲು ಹೊರಡುತ್ತೇವೆ.

ಡಾಕ್ಟರಿಗೆ ಹಾಗೆಲ್ಲ ಕಂಡದ್ದು ಸಕ್ಕರೆ ಇಳಿದಿದ್ದರಿಂದ. ಅದು ನನಗೆ ಗೊತ್ತು. ಆದರೆ ನಾನು ಪಕ್ಕಕ್ಕೆ ಸರಿದಾಗ ಗಾಳಿಯೇ ಇಲ್ಲದ ಆ ಮಂಜಿನಲ್ಲಿ ನನ್ನ ಸೆರಗನ್ನು ಸವರಿಕೊಂಡು ಒಬ್ಬರ ಹಿಂದೆ ಒಬ್ಬರು ದಾಟಿ ಹೋದಂತಾಯಿತು. ನನ್ನ ಸಕ್ಕರೆ ಅಂದು ಸರಿಯಾಗಿಯೇ ಇತ್ತು. ಇದನ್ನು ಮಾತ್ರ ಅವರಿಗೆ ಇನ್ನೂ ಹೇಳಿಲ್ಲ.