ಅರ್ಧ ಇಂಚಿನ ಇಂಗ್ಲೆಂಡ್

ಇಂಗ್ಲೆಂಡಿನ ದೊರೆಗಳು ಮಂಚದ ಕೆಳಗಿಟ್ಟುಕೊಂಡು ಮೂತ್ರ ಮಾಡುತ್ತಿದ್ದ ಪಿಂಗಾಣಿ ಪಾತ್ರೆಯ ಮೇಲೆ ಮುಕ್ಕಾಲು ಗಂಟೆ ಉಪನ್ಯಾಸ ಕೇಳಿದ್ದೀರಾ? ನಾನು ಕೇಳಿದ್ದೇನೆ. ಕೇಳುವುದೇನು, ಅದರ ಒಂದೊಂದು ವಾಕ್ಯವನ್ನೂ ಕನ್ನಡಕ್ಕೆ ತಿರುಗಿಸಿ ಮೈಕಿನಲ್ಲಿ ಹೇಳಿದ್ದೇನೆ. ಶಿವಮೊಗ್ಗದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಆ ಪಾತ್ರೆಯ ಮೇಲಿನ ಗುಲಾಬಿ ಹೂಗಳು ಪರದೆಯ ತುಂಬ ಆಳೆತ್ತರಕ್ಕೆ ಅರಳಿದ್ದವು. ನಾನು ಮರ್ಯಾದೆಯಾಗಿ "ಶಯನಗೃಹದ ಪಾತ್ರೆ" ಅಂದೆ. ಮುಂದಿನ ಸಾಲಿನಲ್ಲಿದ್ದ ಡಾಕ್ಟರ ಹೆಂಡತಿ ಕೈಯೆತ್ತಿ, "ಇದ್ರಲ್ಲಿ ಹೂ ಜೋಡ್ಸಿ ಡ್ರಾಯಿಂಗ್ ರೂಮಲ್ಲಿಟ್ರೆ ಎಷ್ಟು ಚೆನ್ನಾಗಿರತ್ತೆ ಅಲ್ವಾ?" ಎಂದು ಕೇಳಿದರು. ಯಾರೂ ನಗಲಿಲ್ಲ. ಉಪನ್ಯಾಸಕರು ಗಂಭೀರವಾಗಿ ತಲೆಯಾಡಿಸಿದರು. ಅವರು ಆಡಿಸಿದ್ದು ನೋಡಿ ನಾನೂ ಆಡಿಸಿದೆ.

ಇವತ್ತಿಗೂ ಆ ಭಾನುವಾರಗಳು ನೆನಪಾದರೆ ನನಗೆ ಹೇಸಿಗೆಯಾಗುತ್ತದೆ. ಹೇಸಿಗೆ ಆ ಪಾತ್ರೆಯ ಮೇಲಲ್ಲ. ಪಾಪ, ಅದು ತನ್ನ ಕೆಲಸ ತಾನು ಮಾಡಿಕೊಂಡಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಶಿವಮೊಗ್ಗದ ಖಾಸಗಿ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ನಾಲ್ಕು ವರ್ಷ ಕಳೆದಿದ್ದರೂ ಕೆಲಸ ಇನ್ನೂ ತಾತ್ಕಾಲಿಕವೇ. ಕಾಲೇಜಿನ ಆಡಳಿತ ಮಂಡಳಿಯಲ್ಲಿದ್ದ ಅಡಿಕೆ ಮಂಡಿಯ ಯಜಮಾನರೊಬ್ಬರು ಟೂರಿನವರ ಜೊತೆ ಇಂಗ್ಲೆಂಡಿಗೆ ಹೋಗಿ ಹನ್ನೆರಡು ದಿನ ಇದ್ದು ಬಂದರು. ಅಲ್ಲಿಯ ದೊರೆಗಳ ಮನೆಗಳನ್ನು ಟಿಕೆಟ್ ಕೊಟ್ಟು ನೋಡಿ ಬಂದ ಮೇಲೆ ಅವರಿಗೆ ನಮ್ಮೂರಿನದು ಯಾವುದೂ ಕಣ್ಣಿಗೆ ಹಿಡಿಸದಾಯಿತು. ಒಂದು ಸಂಘ ಕಟ್ಟಿ ಅಧ್ಯಕ್ಷರಾದರು. ತಿಂಗಳಿಗೊಂದು ಉಪನ್ಯಾಸ: ಹಳೆಯ ಕಾಲದ ವಸ್ತುಗಳು, ಅಲಂಕಾರ ಕಲೆ, ಇಂಗ್ಲೆಂಡಿನ ಐತಿಹಾಸಿಕ ಮಹಲುಗಳು. ಉಪನ್ಯಾಸಕರು ಬೆಂಗಳೂರಿನಿಂದ ರೈಲಿನಲ್ಲಿ ಬರುತ್ತಿದ್ದರು. ಆ ದೇಶದಲ್ಲಿ ಇಪ್ಪತ್ತು ವರ್ಷ ಇದ್ದು ಬಂದವರು, ಏಪ್ರಿಲ್ ಸೆಕೆಯಲ್ಲೂ ಕೋಟು ಬಿಚ್ಚದವರು. ಅವರಿಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಕಾಫಿಗೆ ಸಕ್ಕರೆ ಕಡಿಮೆಯಾದರೆ ಹುಡುಗರನ್ನು ಬೈಯುತ್ತಿದ್ದದ್ದು ಅಚ್ಚ ಕನ್ನಡದಲ್ಲೇ. ವೇದಿಕೆ ಹತ್ತಿದ ಕೂಡಲೇ ಮಾತ್ರ ಇಂಗ್ಲಿಷ್. ಅದನ್ನು ಮತ್ತೆ ಕನ್ನಡ ಮಾಡುವುದಕ್ಕೆ ನಾನು.

ಸಭೆಗೆ ಬರುತ್ತಿದ್ದವರು ಡಾಕ್ಟರುಗಳು, ವಕೀಲರು, ಬ್ಯಾಂಕಿನವರು. ತಮ್ಮ ಮನೆಯ ತಾಮ್ರದ ಹಂಡೆಯನ್ನು ಗುಜರಿಯವನಿಗೆ ಹಾಕಿ ಪ್ಲಾಸ್ಟಿಕ್ ಬಕೀಟು ತಂದವರೇ ಇಲ್ಲಿ ಕೂತು ಯಾರೋ ದೊರೆಯ ಉಪ್ಪಿನ ಬಟ್ಟಲಿಗೆ ಲೊಚಗುಟ್ಟುತ್ತಿದ್ದರು. ಸ್ಲೈಡ್ ಪ್ರೊಜೆಕ್ಟರ್ ಕಟ್ ಎಂದು ಸದ್ದು ಮಾಡಿದಾಗಲೆಲ್ಲ ಒಂದು ಹೊಸ ಮಹಲು, ಒಂದು ಹೊಸ "ಆಹಾ". ನೋಡಿ ನನಗೆ ಮೈ ಉರಿಯುತ್ತಿತ್ತು. ಆದರೂ ಹೋಗುತ್ತಿದ್ದೆ. ಯಾಕೆಂದರೆ ಮೈಕು ನನ್ನ ಕೈಯಲ್ಲಿತ್ತು. ನನ್ನ ಕನ್ನಡ ಉಪನ್ಯಾಸಕರ ಇಂಗ್ಲಿಷಿಗಿಂತ ಚೆಂದ ಎಂದು ಜನ ಹೇಳುತ್ತಿದ್ದರು, ನಾನು ಉಬ್ಬಿ ಹೋಗುತ್ತಿದ್ದೆ. ಅವರು ಒಂದು ಮಾತು ಹೇಳಿದರೆ ಅದಕ್ಕೆ ನನ್ನದೊಂದು ಒಗ್ಗರಣೆ ಹಾಕುತ್ತಿದ್ದೆ. ನಿಮ್ಮ ತಂದೆ ಏನು ಮಾಡುತ್ತಾರಮ್ಮಾ ಎಂದು ಅಲ್ಲಿ ಯಾರಾದರೂ ಕೇಳಿದರೆ, "ಭದ್ರಾವತಿಯಲ್ಲಿ, ಎಂಜಿನಿಯರಿಂಗ್ ಸೈಡು" ಅನ್ನುತ್ತಿದ್ದೆ.

ಅಪ್ಪ ಭದ್ರಾವತಿಯ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಪ್ಯಾಟರ್ನ್ ಮಿಸ್ತ್ರಿಯಾಗಿದ್ದ. ಕಬ್ಬಿಣದಲ್ಲಿ ಯಾವ ಭಾಗ ಎರಕವಾಗಬೇಕೋ ಅದನ್ನು ಮೊದಲು ಮರದಲ್ಲಿ ಮಾಡುವುದು ಅವನ ಕೆಲಸ. ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕಬ್ಬಿಣ ಹೊಯ್ಯುತ್ತಾರೆ. ಕಾದ ಕಬ್ಬಿಣ ಆರಿದಾಗ ಸ್ವಲ್ಪ ಕುಗ್ಗುತ್ತದೆ. ಹಾಗಾಗಿ ಮರದ ಮಾದರಿ ಮೊದಲೇ ಅಷ್ಟು ದೊಡ್ಡದಾಗಿರಬೇಕು. ಪ್ರತಿ ಸಲ ಲೆಕ್ಕ ಹಾಕುತ್ತಾ ಕೂರುವ ಬದಲು ಪ್ಯಾಟರ್ನ್ ಮಿಸ್ತ್ರಿಗಳು ಅಷ್ಟು ಹಿಗ್ಗಿಸಿ ಗುರುತು ಹಾಕಿದ ಸ್ಕೇಲನ್ನೇ ಇಟ್ಟುಕೊಳ್ಳುತ್ತಾರೆ. ಅದರ ಒಂದು ಅಡಿ ಅಂಗಡಿಯ ಒಂದು ಅಡಿಗಿಂತ ಇಂಚಿನ ಎಂಟನೇ ಒಂದು ಪಾಲು ಜಾಸ್ತಿ. ನಮ್ಮ ಮನೆಯಲ್ಲಿದ್ದದ್ದೂ ಅದೇ ಸ್ಕೇಲು, ಅದೊಂದೇ. ಅಪ್ಪ ಕಿಟಕಿಯ ಅಳತೆ ತೆಗೆದು ಹದಿನೆಂಟು ಇಂಚು ಎಂದು ಬರೆದುಕೊಟ್ಟರೆ, ಗಾಜಿನ ಅಂಗಡಿಯ ಸಾಬರು ಹದಿನೆಂಟು ಇಂಚೇ ಕತ್ತರಿಸಿ ಕೊಡುತ್ತಿದ್ದರು. ಮನೆಗೆ ತಂದು ಕೂರಿಸಿದರೆ ಹೆಸರುಕಾಳಿನಷ್ಟು ಗಿಡ್ಡ. "ಏನ್ ಮಿಸ್ತ್ರಿ, ನಿಮ್ಮನೆ ಇಂಚು ಉಂಡು ಬೆಳ್ದಿದ್ಯಾ?" ಎಂದು ಸಾಬರು ನಗುತ್ತಿದ್ದರು. ಅಪ್ಪ ಮರದಲ್ಲಿ ಏನೇ ಮಾಡಲಿ, ಅದು ಆ ಉಂಡು ಬೆಳೆದ ಇಂಚಿನಲ್ಲೇ.

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಫೌಂಡ್ರಿಯ ಸಾಹುಕಾರರು ಯಾವುದೋ ಇಂಗ್ಲಿಷ್ ಪತ್ರಿಕೆಯಿಂದ ಹರಿದ ಚಿತ್ರವೊಂದನ್ನು ಕೊಟ್ಟು, ಇಂಥದೇ ಬರೆಯುವ ಮೇಜು ಬೇಕು ಎಂದರು. ಅಪ್ಪ ಎರಡು ತಿಂಗಳು ಕೂತು ತೇಗದಲ್ಲಿ ಮಾಡಿದ. ಸಾಹುಕಾರರ ಮನೆಗೆ ಕಳಿಸುವ ಹಿಂದಿನ ದಿನ ಅಮ್ಮನನ್ನೂ ನನ್ನನ್ನೂ ಫೌಂಡ್ರಿಗೆ ಕರೆದುಕೊಂಡು ಹೋಗಿ ತೋರಿಸಿದ. "ಒಂದು ಬೆರಳಲ್ಲಿ ಎಳಿ" ಅಂದ. ಎಳೆದೆ. ಡ್ರಾಯರು ಸದ್ದಿಲ್ಲದೆ ಬಂತು. ಅಪ್ಪ ಅಷ್ಟು ಖುಷಿಯಾಗಿದ್ದನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ.

ಸಾಹುಕಾರರು ತೀರಿಕೊಂಡರು, ಫೌಂಡ್ರಿ ಮುಚ್ಚಿತು, ಮಕ್ಕಳು ಮನೆಯ ಸಾಮಾನು ಮಾರಿದರು. ಇದೆಲ್ಲ ನನಗೆ ಗೊತ್ತಿತ್ತು. ಆ ಮೇಜು ನಮ್ಮ ಅಧ್ಯಕ್ಷರ ಮನೆ ಸೇರಿದೆ ಎಂದು ಮಾತ್ರ ಗೊತ್ತಿರಲಿಲ್ಲ. ಕಾಫಿ ತೋಟದ ಬಿಳಿ ದೊರೆಯೊಬ್ಬ ಇಂಗ್ಲೆಂಡಿನಿಂದ ಹಡಗಿನಲ್ಲಿ ತರಿಸಿದ್ದು ಎಂದು ಹೇಳಿ ಆ ಮಕ್ಕಳು ಅವರಿಗೆ ಕೊಟ್ಟಿದ್ದರಂತೆ.

ಒಂದು ಭಾನುವಾರ ನಾಲ್ಕು ಜನ ಅದನ್ನು ಹೊತ್ತು ತಂದು ವೇದಿಕೆಯ ನಡುವೆ ಇಟ್ಟರು. ಅವತ್ತಿನ ವಿಷಯ ಇಂಗ್ಲಿಷ್ ಪೀಠೋಪಕರಣ. ಮುಚ್ಚಿದ್ದ ಬಟ್ಟೆ ಸರಿಸುತ್ತಲೇ ನನಗೆ ಗುರುತು ಸಿಕ್ಕಿತು. ಕಣ್ಣು ಹಿಂದಿನ ಸಾಲಿಗೆ ಹೋಯಿತು. ಯಾಕೆಂದರೆ ಅವತ್ತೇ ಅಪ್ಪನೂ ಬಂದಿದ್ದ. ನಾನು ಕರೆದಿರಲಿಲ್ಲ, ಯಾವತ್ತೂ ಕರೆದವಳಲ್ಲ. ನಿಮ್ಮ ಮಗಳು ಮೈಕಿನಲ್ಲಿ ಎಷ್ಟು ಚೆನ್ನಾಗಿ ಮಾತಾಡುತ್ತಾಳೆ ಎಂದು ಯಾರೋ ಹೇಳಿದ್ದನ್ನು ಕೇಳಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ತಾನೇ ಬಸ್ ಹತ್ತಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಮೇಜನ್ನು ನೋಡಿ ಸ್ವಲ್ಪ ಎದ್ದ ಹಾಗೆ ಮಾಡಿ ಮತ್ತೆ ಕೂತ. ಅವನ ಮುಖ ಅರಳಿದ್ದು ನನಗೆ ವೇದಿಕೆಯಿಂದ ಕಾಣಿಸಿತು. ಮಗಳು ಈಗ ಇದರ ಬಗ್ಗೆ ಹೇಳುತ್ತಾಳೆ ಎಂದು ಅವನು ಕಾಯುತ್ತಿದ್ದ.

ಉಪನ್ಯಾಸಕರು ಜೇಬಿನಿಂದ ಟೇಪು ತೆಗೆದು ಮೇಜನ್ನು ಅಳೆದರು. "ನಾಲ್ಕು ಅಡಿ, ಅರ್ಧ ಇಂಚು." ಆಳ ಅಳೆದರು. "ಎರಡು ಅಡಿ, ಕಾಲು ಇಂಚು." ಕನ್ನಡಕ ತೆಗೆದು ಸಭೆಯನ್ನು ನೋಡಿದರು. ಈ ಕಾಲು ಇಂಚು, ಅರ್ಧ ಇಂಚುಗಳೇ ಇದರ ವಂಶಾವಳಿ ಎಂದರು. ಹಿಂದಿನ ಕಾಲದಲ್ಲಿ ಇಂಗ್ಲೆಂಡಿನ ಒಂದೊಂದು ಸೀಮೆಯ ಕುಶಲಕರ್ಮಿಗಳು ತಮ್ಮದೇ ಅಳತೆ ಇಟ್ಟುಕೊಂಡಿದ್ದರಂತೆ, ಇದು ನೂರೈವತ್ತು ವರ್ಷದ ಹಿಂದಿನದಂತೆ, ಮರ ಬರ್ಮಾದಿಂದ ಹೋದದ್ದಂತೆ. ನಮ್ಮ ಕಾಡಿನ ತೇಗ, ನಮ್ಮಪ್ಪನ ಸ್ಕೇಲು! ನಾನು ಒಂದೊಂದನ್ನೂ ಕನ್ನಡದಲ್ಲಿ ಹೇಳುತ್ತಾ ಹೋದೆ. ನಿಲ್ಲಿಸಬಹುದಿತ್ತು. ಸ್ವಾಮಿ, ಇದು ಎರಕದ ಮಿಸ್ತ್ರಿಯ ಅಡಿ, ಆ ಮಿಸ್ತ್ರಿ ಅಗೋ ಅಲ್ಲಿ ಕೂತಿದ್ದಾನೆ ಎಂದಿದ್ದರೆ ಮುಗಿಯುತ್ತಿತ್ತು. ಕೆಲಸ ಹೋದೀತೆಂಬ ಭಯವಿತ್ತು, ಸುಳ್ಳಲ್ಲ. ಆದರೆ ಅದಕ್ಕಿಂತ ಹೆಚ್ಚಾಗಿ, ಅಷ್ಟು ಜನರ ಮುಂದೆ ಬಡಗಿಯ ಮಗಳಾಗಲು ನನಗೆ ನಾಚಿಕೆಯಾಗಿತ್ತು.

ಕೊನೆಯಲ್ಲಿ ಅವರು ಒಂದು ಡ್ರಾಯರನ್ನು ಎಳೆದು ಮೂಲೆಯ ಜೋಡಣೆ ತೋರಿಸಿ, ಇಂಥದ್ದು ನಮ್ಮ ಬಡಗಿಗಳಿಂದ ಸಾಧ್ಯವಿಲ್ಲ, ಅವರಿಗೆ ಕೈಯಿದೆ, ಕಣ್ಣಿಲ್ಲ ಎಂದರು. ಸಭೆ ನನ್ನ ಕಡೆ ತಿರುಗಿತು. ನಾನು ಮೈಕನ್ನು ಹತ್ತಿರ ಎಳೆದುಕೊಂಡು, "ನಮ್ಮ ಬಡಗಿಗೆ ಕೈಯಿದೆ, ಕಣ್ಣಿಲ್ಲ, ಉಳಿಯಿದೆ, ಉಸಿರಿಲ್ಲ" ಎಂದೆ.

ಆ ಎರಡನೆಯ ಅರ್ಧ ಅವರು ಹೇಳಿದ್ದಲ್ಲ. ನನ್ನದು. ಬೇಕೆಂದು ಯೋಚಿಸಿ ಹೇಳಿದ್ದಲ್ಲ, ಅಭ್ಯಾಸಬಲದಿಂದ ನಾಲಿಗೆಗೆ ಬಂತು, ಬಂದದ್ದನ್ನು ಬಿಡಲು ಮನಸ್ಸಾಗಲಿಲ್ಲ. ಭರ್ಜರಿ ಚಪ್ಪಾಳೆ ಬಿತ್ತು. ಅಪ್ಪ ಆಚೀಚೆ ನೋಡಿದ. ಎಲ್ಲರೂ ತಟ್ಟುತ್ತಿದ್ದರು. ಅವನೂ ತಟ್ಟಿದ.

ಕಾಫಿಯ ಹೊತ್ತಿಗೆ ಅಪ್ಪ ವೇದಿಕೆಯ ಹತ್ತಿರ ಬಂದು ಮೇಜಿನ ಪಕ್ಕ ನಿಂತ. ಅಧ್ಯಕ್ಷರು "ಯಾರಮ್ಮಾ ಇವ್ರು?" ಎಂದು ನನ್ನನ್ನು ಕೇಳಿದರು.

"ನಮ್ ತಂದೆ ಸರ್. ಭದ್ರಾವತಿ. ಎಂಜಿನಿಯರಿಂಗ್ ಸೈಡಲ್ಲಿದ್ರು."

"ಓಹೋ, ಬನ್ನಿ ಸಾರ್ ಬನ್ನಿ! ಹೇಗಿದೆ ನಮ್ ಟೇಬಲ್ಲು?"

ಅಪ್ಪ ನನ್ನ ಮುಖ ನೋಡಿದ. ನಾನು ಕೈಯಲ್ಲಿದ್ದ ಕೇಸರಿಬಾತಿನ ತಟ್ಟೆ ನೋಡಿದೆ.

"ಚೆನ್ನಾಗಿದೆ ಸರ್," ಅಂದ ಅಪ್ಪ. "ಆ ಎಡಗಡೆ ಡ್ರಾಯರು ಮಳೆಗಾಲದಲ್ಲಿ ಸ್ವಲ್ಪ ಹಿಡಿಯತ್ತೆ. ಒಂದಿಷ್ಟು ಮೇಣ ಸವರಿದ್ರೆ ಸರಿಹೋಗತ್ತೆ."

ಅಧ್ಯಕ್ಷರು ಜೋರಾಗಿ ನಕ್ಕರು. "ಸಾರ್, ಇದು ಇಂಗ್ಲೆಂಡಿಂದು! ಹಿಡಿಯೋದು ನಮ್ಮೋರು ಮಾಡಿದ್ದು." ಸುತ್ತ ಇದ್ದವರೂ ನಕ್ಕರು. ನಾನು ಹಲ್ಲು ಕಿರಿದೆ. "ಕಾಫಿ ಆರ್ತಿದೆ ಸರ್, ತಗೊಳ್ಳಿ" ಎಂದು ಅಧ್ಯಕ್ಷರಿಗೆ ಲೋಟ ಕೊಟ್ಟೆ. ಅವರಿಗೆ ಮಾತ್ರ ಕೊಟ್ಟೆ, ಅಪ್ಪನಿಗೆ ಕೊಡಲು ಮರೆತೆ.

ಮಧ್ಯಾಹ್ನ ಇಬ್ಬರೂ ಭದ್ರಾವತಿ ಬಸ್ ಹತ್ತಿದೆವು. ಬಸ್ ತುಂಬಿತ್ತು, ಅಪ್ಪನಿಗೆ ಒಂದು ಸೀಟು ಸಿಕ್ಕಿತು. ನಾನು ಪಕ್ಕದಲ್ಲಿ ನಿಂತಿದ್ದೆ. ಅವನು ಬೈದರೆ ಸಾಕು ಅನ್ನಿಸುತ್ತಿತ್ತು. ಬೈದಿದ್ದರೆ ನಾನು ಅತ್ತುಬಿಡುತ್ತಿದ್ದೆ, ಕೆಲಸದ ಕಾರಣ ಹೇಳುತ್ತಿದ್ದೆ, ಹೇಗೋ ಹಗುರಾಗುತ್ತಿದ್ದೆ. ಬಸ್ ಮಲವಗೊಪ್ಪ ದಾಟಿತು. ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ.

"ಬಹಳ ಚೆನ್ನಾಗಿ ಹೇಳ್ದೆ ಕಣಮ್ಮಾ," ಅಂದ. "ನೀನು ಹೇಳೋದು ಕೇಳ್ತಾ ಕೇಳ್ತಾ, ಅದನ್ನ ನಾನು ಮಾಡ್ಲೇ ಇಲ್ವೇನೋ ಅನ್ನಿಸ್ಬಿಡ್ತು."

ಕುಹಕ ಇದ್ದಿದ್ದರೆ ಬದುಕಿಕೊಳ್ಳುತ್ತಿದ್ದೆ. ಅಪ್ಪನಿಗೆ ಕುಹಕ ಗೊತ್ತಿರಲಿಲ್ಲ. ಅವನು ನಿಜವಾಗಿಯೂ ಅನುಮಾನದಲ್ಲಿದ್ದ. ಇಲ್ಲಪ್ಪ, ನೀನೇ ಮಾಡಿದ್ದು, ನಾನೇ ನೋಡಿದ್ದೇನೆ ಎನ್ನಲು ಆ ಬಸ್ಸಿನಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ಅಧ್ಯಕ್ಷರು ಇರಲಿಲ್ಲ, ಡಾಕ್ಟರ ಹೆಂಡತಿ ಇರಲಿಲ್ಲ. ಆದರೆ ಹಾಗೆಂದರೆ, ಮತ್ತೆ ಅಲ್ಲಿ ಯಾಕೆ ಹೇಳಲಿಲ್ಲ ಎಂದು ಅವನು ಕೇಳುತ್ತಾನೆ ಎಂದು ಹೆದರಿದೆ. "ಹೌದೇನಪ್ಪಾ" ಎಂದಷ್ಟೇ ಅಂದೆ. ಅಪ್ಪ ಕಿಟಕಿಯ ಕಡೆ ತಿರುಗಿಕೊಂಡ.

ಮುಂದಿನ ತಿಂಗಳ ವಿಷಯ ಬೆಳ್ಳಿ ಚಮಚಗಳು. ನಾನು ಹೋಗಿದ್ದೆ.